ಫ್ರಿಜ್‌ಗೆ ನೀರಿನ ಲೈನ್ ಎಳೆಯುವ ಮುನ್ನ

ಬಾಗಿಲಲ್ಲೇ ತಣ್ಣೀರು, ಐಸು ಕೊಡುವ ಫ್ರಿಜ್ ಕೊಳ್ಳುವಾಗ ಎಷ್ಟು ಲೀಟರ್, ಎಷ್ಟು ಸ್ಟಾರ್, ಎಷ್ಟು ರೂಪಾಯಿ ಎಂದು ಎಲ್ಲರೂ ಕೇಳುತ್ತಾರೆ. ನೀರಿನ ಒತ್ತಡ ಎಷ್ಟಿರಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ, ಅಂಗಡಿಯವರೂ ಹೇಳುವುದಿಲ್ಲ. ನಮ್ಮ ಫ್ರಿಜ್‌ನ ಮ್ಯಾನ್ಯುಯಲ್ ಪ್ರಕಾರ ಕನಿಷ್ಠ 20 ಪಿಎಸ್‌ಐ ಬೇಕು. ಬೆಂಗಳೂರಿನ ನಮ್ಮ ಮನೆಯ ಅಡುಗೆಮನೆ ಮೇಲಿನ ಮಹಡಿಯಲ್ಲಿದೆ. ಅಲ್ಲಿ ನಲ್ಲಿಗೆ ಗೇಜ್ ಹಾಕಿ ನೋಡಿದರೆ ಮುಳ್ಳು ಐದಾರರ ಆಸುಪಾಸಿನಲ್ಲೇ ನಿಂತಿತು.

ಗೇಜ್ ಇಲ್ಲದಿದ್ದರೂ ಅಂದಾಜು ಮಾಡಬಹುದು. ಓವರ್‌ಹೆಡ್ ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 14 ಪಿಎಸ್‌ಐ ಒತ್ತಡ ಸಿಗುತ್ತದೆ. ಟ್ಯಾಂಕಿಗೆ ಹತ್ತಿರವಿರುವ ಮೇಲಿನ ಮಹಡಿಯವರಿಗೇ ಕಡಿಮೆ ಒತ್ತಡ, ಕೆಳಗಿನವರಿಗೆ ಜಾಸ್ತಿ. ಪ್ರೆಷರ್ ಪಂಪ್ ಇರುವ ದೊಡ್ಡ ಅಪಾರ್ಟ್‌ಮೆಂಟ್‌ಗಳ ಕತೆಯೇ ಬೇರೆ. ಅಲ್ಲಿ ಕೆಲವೊಮ್ಮೆ ಒತ್ತಡವನ್ನು ತಗ್ಗಿಸುವ ವಾಲ್ವ್ ಹಾಕಬೇಕಾದೀತು.

‘ಏನಾಗುತ್ತೆ ಸಾರ್, ಸ್ವಲ್ಪ ನಿಧಾನ ಬರುತ್ತೆ ಅಷ್ಟೇ’ ಎಂದು ಪ್ಲಂಬರ್‌ಗಳು ಹೇಳುತ್ತಾರೆ. ಅಷ್ಟೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಫ್ರಿಜ್‌ನ ಹಿಂದೆ ಇರುವ ಸೊಲೆನಾಯ್ಡ್ ವಾಲ್ವ್ ಕರೆಂಟಿನಿಂದ ತೆರೆದುಕೊಳ್ಳುತ್ತದೆ. ಆದರೆ ಬಿಗಿಯಾಗಿ ಮುಚ್ಚಿಕೊಳ್ಳಲು ಅದಕ್ಕೆ ನೀರಿನ ಒತ್ತಡವೇ ಆಸರೆ. ಒತ್ತಡ ಸಾಲದಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ತೊಟ್ಟು ತೊಟ್ಟಾಗಿ ನೀರು ಜಿನುಗುತ್ತಲೇ ಇರುತ್ತದೆ. ಅದು ಐಸ್ ಮೇಕರ್‌ಗೆ ಹೋಗುವ ಸಣ್ಣ ಕೊಳವೆಯೊಳಗೇ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಇಲ್ಲವೇ ಡಬ್ಬಿಗೆ ಇಳಿದು ಗಟ್ಟಿಯಾಗುತ್ತದೆ. ತಂಗಿಯ ಮನೆಯಲ್ಲಿ ಐಸ್ ಡಬ್ಬಿ ಎಳೆದರೆ ಬಿಲ್ಲೆಗಳ ಬದಲು ಒಂದೇ ಗಡ್ಡೆ ಬರುತ್ತಿತ್ತು. ಫ್ರಿಜ್ ಕೆಟ್ಟಿದೆ ಎಂದು ಎಲ್ಲರೂ ಅದನ್ನೇ ಬೈಯುತ್ತಿದ್ದರು. ಒತ್ತಡ ಸರಿಪಡಿಸಿದ ಮೇಲೆ ಅದೇ ಫ್ರಿಜ್ ಸರಿಯಾಗಿ ಕೆಲಸ ಮಾಡುತ್ತಿದೆ.

ಇನ್ನು ನೀರಿನ ಗುಣ. ನಮ್ಮ ಸಂಪಿಗೆ ಕಾವೇರಿ ನೀರು ಬರುತ್ತದೆ, ಸಾಲದಾದಾಗ ಬೋರ್‌ವೆಲ್, ಬೇಸಿಗೆಯಲ್ಲಿ ಟ್ಯಾಂಕರ್. ಮೂರೂ ಒಂದೇ ಸಂಪಿನಲ್ಲಿ ಬೆರೆಯುತ್ತವೆ. ಫ್ರಿಜ್‌ನೊಳಗೆ ಫಿಲ್ಟರ್ ಇದೆಯಲ್ಲ ಎಂದು ನೆಮ್ಮದಿಯಿಂದ ಇರುವಂತಿಲ್ಲ. ಅದು ಕಾರ್ಬನ್ ಫಿಲ್ಟರ್. ಕ್ಲೋರಿನ್ ವಾಸನೆ, ರುಚಿ ತೆಗೆಯುತ್ತದೆ, ಗಡಸುತನ ತೆಗೆಯುವುದಿಲ್ಲ. ಗೀಸರ್ ಒಳಗೆ ಬಿಳಿ ಪದರ ಕಟ್ಟಿಸುವ ಬೋರ್ ನೀರು ಈ ಪುಟ್ಟ ವಾಲ್ವನ್ನೂ ಬಿಡುವುದಿಲ್ಲ.

ಆರ್‌ಒ ನೀರನ್ನೇ ಕೊಡೋಣ ಎಂದರೆ ಮತ್ತೆ ಒತ್ತಡದ ಪ್ರಶ್ನೆ. ಗೋಡೆಗೆ ನೇತುಹಾಕುವ ಪ್ಯೂರಿಫೈಯರ್‌ನ ಟ್ಯಾಂಕ್ ಬರೀ ಡಬ್ಬಿ, ನೀರು ತನ್ನ ಭಾರಕ್ಕೆ ಇಳಿಯಬೇಕು. ಅದರೊಳಗಿನ ಬೂಸ್ಟರ್ ಪಂಪ್ ನೀರನ್ನು ಮೆಂಬ್ರೇನ್ ಮೂಲಕ ತಳ್ಳುವುದಕ್ಕೆ ಮಾತ್ರ, ಫ್ರಿಜ್‌ಗೆ ಕಳಿಸುವುದಕ್ಕಲ್ಲ. ನಾವು ಸಿಂಕ್ ಕೆಳಗೆ ಕೂರುವ, ಪ್ರೆಷರ್ ಟ್ಯಾಂಕ್ ಇರುವ ಆರ್‌ಒ ಹಾಕಿಸಿದೆವು. ಅದರ ಟ್ಯಾಂಕಿನೊಳಗೆ ರಬ್ಬರ್ ಚೀಲವಿದ್ದು, ಹಿಂದಿನಿಂದ ಗಾಳಿ ಒತ್ತಿ ನೀರನ್ನು ನೂಕುತ್ತದೆ. ಟ್ಯಾಂಕ್ ಖಾಲಿಯಾಗುತ್ತಾ ಬಂದಂತೆ ಒತ್ತಡ ಇಳಿಯುತ್ತದೆ, ಹಾಗಾಗಿ ದೊಡ್ಡ ಪಾತ್ರೆಗಳಿಗೆ ನೀರು ತುಂಬಿಸಿದ ಕೂಡಲೇ ಫ್ರಿಜ್‌ನಲ್ಲಿ ಲೋಟ ಹಿಡಿಯಬೇಡಿ ಎಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ಪೈಪು ಕಾಲು ಇಂಚಿನ ಪ್ಲಾಸ್ಟಿಕ್ ಟ್ಯೂಬು. ಕೆಲಸ ಕೆಡುವುದು ಅದರ ಜೋಡಣೆಯಲ್ಲಿ. ಕತ್ತರಿಯಲ್ಲಿ ಕತ್ತರಿಸಿದರೆ ತುದಿ ಚಪ್ಪಟೆಯಾಗುತ್ತದೆ, ಓರೆಯಾಗುತ್ತದೆ. ಓರೆ ತುದಿ, ಟ್ಯೂಬನ್ನು ಒತ್ತಿ ಕೂರಿಸುವ ಫಿಟ್ಟಿಂಗ್‌ನೊಳಗಿನ ಓ-ರಿಂಗ್ ಮೇಲೆ ಸಮನಾಗಿ ಕೂರುವುದಿಲ್ಲ. ಹರಿತವಾದ ಬ್ಲೇಡಿನಿಂದ ನೇರವಾಗಿ ಕೊಯ್ದು, ತುದಿಯಿಂದ ಸುಮಾರು ಒಂದೂವರೆ ಸೆಂಟಿಮೀಟರ್‌ಗೆ ಪೆನ್ನಿನಲ್ಲಿ ಗುರುತು ಹಾಕಿ, ಆ ಗುರುತು ಮರೆಯಾಗುವವರೆಗೆ ಒತ್ತಬೇಕು. ನಡುವೆ ಒಂದು ಸಣ್ಣ ತಡೆ ಸಿಗುತ್ತದೆ. ಅಲ್ಲಿಗೆ ಕೂತಿತು ಎಂದು ಕೈಬಿಡುವವರೇ ಹೆಚ್ಚು. ಅದು ಓ-ರಿಂಗ್, ಅದನ್ನು ದಾಟಿಸಬೇಕು. ಆಮೇಲೆ ಟ್ಯೂಬನ್ನು ಹಿಂದಕ್ಕೆ ಎಳೆದು ನೋಡಿ. ಪ್ರತಿ ಜೋಡಣೆಗೂ ಟಿಶ್ಯೂ ಸುತ್ತಿ ರಾತ್ರಿಯಿಡೀ ಬಿಟ್ಟರೆ, ಕಣ್ಣಿಗೆ ಕಾಣದ ಸೋರಿಕೆಯೂ ಬೆಳಗ್ಗೆ ಕಾಗದದಲ್ಲಿ ಒದ್ದೆಯಾಗಿ ಸಿಕ್ಕಿಬೀಳುತ್ತದೆ.

ಪೈಪಿಗೆ ಸೂಜಿ ಚುಚ್ಚಿ ನೀರು ತೆಗೆಯುವ ಕ್ಲ್ಯಾಂಪ್ ಮಾದರಿಯ ವಾಲ್ವ್‌ಗಳಿವೆ. ಅಗ್ಗ, ಬೇಗ ಕೆಲಸ ಮುಗಿಯುತ್ತದೆ. ನನಗೆ ಅವುಗಳ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ. ಅಂಥದ್ದೊಂದು ಸೋರಿ ಪಕ್ಕದ ಮನೆಯ ಪ್ಲೈವುಡ್ ಕ್ಯಾಬಿನೆಟ್ ಉಬ್ಬಿ ಬಾಗಿಲೇ ಮುಚ್ಚದಂತಾಯಿತು. ಟೀ ಜೋಡಿಸಿ, ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವ್ ಹಾಕಿಸುವುದೇ ಸರಿ. ಅದೂ ಫ್ರಿಜ್ ಹಿಂದೆ ಬೇಡ. ನೀರು ನೆಲದ ಮೇಲೆ ಹರಿಯುತ್ತಿರುವಾಗ ನೂರು ಕಿಲೋ ಮೀರಿದ ಫ್ರಿಜ್ ಎಳೆಯಲು ಮನೆಯಲ್ಲಿರುವ ವಯಸ್ಸಾದವರಿಗೆ ಸಾಧ್ಯವೇ? ನಮ್ಮದು ಸಿಂಕ್ ಕೆಳಗಿದೆ, ಅಮ್ಮನಿಗೂ ಕೈಗೆಟಕುತ್ತದೆ. ಊರಿಗೆ ಹೋಗುವಾಗ ಗ್ಯಾಸ್ ಜೊತೆ ಅದನ್ನೂ ಮುಚ್ಚಿ, ಐಸ್ ಮೇಕರ್ ಆಫ್ ಮಾಡುತ್ತೇವೆ. ಫ್ರಿಜ್ ಹಿಂದೆ ಒಂದೆರಡು ಮೀಟರ್ ಟ್ಯೂಬನ್ನು ಸುರುಳಿ ಸುತ್ತಿ ಬಿಟ್ಟಿರುವುದರಿಂದ ಗುಡಿಸಲು ಎಳೆದರೂ ಜೋಡಣೆ ಜಗ್ಗುವುದಿಲ್ಲ.

ಹೊಸ ಲೈನಿನ ಮೊದಲ ನೀರನ್ನು ಬಕೆಟ್‌ಗೆ ಬಿಟ್ಟ ಮೇಲೆಯೇ ಫ್ರಿಜ್‌ಗೆ ಸಿಕ್ಕಿಸಬೇಕು. ಹೊಸ ಫಿಲ್ಟರ್‌ನಿಂದ ಸ್ವಲ್ಪ ಕಪ್ಪು ಪುಡಿ ಬರುವುದು ಸಹಜ, ನೀರು ತಿಳಿಯಾಗುವವರೆಗೆ ಚೆಲ್ಲಿ. ಮೊದಮೊದಲ ಐಸನ್ನೂ ಬಳಸಬೇಡಿ.

ಮನೆ ಕಟ್ಟಿಸುತ್ತಿರುವವರು ಕೇಳಿದರೆ ನಾನು ಹೇಳುವುದು ಇಷ್ಟು: ಟೈಲ್ಸ್ ಹಾಕುವ ಮೊದಲೇ ಫ್ರಿಜ್ ಜಾಗದ ಪಕ್ಕದ ಕ್ಯಾಬಿನೆಟ್‌ಗೆ ಒಂದು ನೀರಿನ ಪಾಯಿಂಟ್, ಒಂದು ಆಂಗಲ್ ಕಾಕ್ ಬಿಡಿಸಿ. ಆಗ ಅದು ಸಣ್ಣ ಖರ್ಚು. ಆಮೇಲಾದರೆ ಗೋಡೆ ಒಡೆಯಬೇಕು, ಇಲ್ಲವೇ ನಮ್ಮಂತೆ ಸ್ಕರ್ಟಿಂಗ್ ಉದ್ದಕ್ಕೂ ಟ್ಯೂಬ್ ಎಳೆದು ಕ್ಲಿಪ್ ಹೊಡೆಯಬೇಕು.