ಬೆಂಕಿಯಿಲ್ಲದ ಎರಕ

ಲೋಹಗಳನ್ನು ಕರಗಿಸಿ ಬೆರೆಸುವ ವಿದ್ಯೆ ಬಹು ಪ್ರಾಚೀನವಾದುದು. ತಾಮ್ರಕ್ಕೆ ತವರವನ್ನು ಸೇರಿಸಿ ಕಂಚನ್ನೂ, ಸತುವನ್ನು ಸೇರಿಸಿ ಹಿತ್ತಾಳೆಯನ್ನೂ ನಮ್ಮ ಹಿರಿಯರು ಪಡೆದರು. ಬೆಂಗಳೂರಿನ ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟಿನಂತಹ ಪೇಟೆಬೀದಿಗಳಲ್ಲಿ ‘925’ ಎಂಬ ಮುದ್ರೆಯುಳ್ಳ ಬೆಳ್ಳಿಯ ಒಡವೆಗಳನ್ನು ಕಾಣಬಹುದು. ಅವುಗಳ ಸಾವಿರ ಭಾಗಗಳಲ್ಲಿ 925 ಭಾಗ ಬೆಳ್ಳಿ; ಉಳಿದುದು ಸಾಮಾನ್ಯವಾಗಿ ತಾಮ್ರ. ಅಪ್ಪಟ ಬೆಳ್ಳಿ ಮೆದುವಾದುದರಿಂದ ಈ ಬೆರಕೆ ಅವಶ್ಯಕ.

ಆದರೆ ಬೆಂಕಿಯ ಶಕ್ತಿಗೂ ಮಿತಿಯುಂಟು. ಕರಗಿದಾಗ ಒಂದಾಗುವ ಬೆಳ್ಳಿ ತಾಮ್ರಗಳು ಮೆಲ್ಲನೆ ಆರುವಾಗ ಬಹುಮಟ್ಟಿಗೆ ಅಗಲುತ್ತವೆ. ಸೂಕ್ಷ್ಮದರ್ಶಕದಲ್ಲಿ ಬೆಳ್ಳಿ ಹೆಚ್ಚಾಗಿರುವ ಕಣಗಳು ಬೇರೆ, ತಾಮ್ರ ಹೆಚ್ಚಾಗಿರುವ ಕಣಗಳು ಬೇರೆಯಾಗಿ ತೋರುತ್ತವೆ. ಇವನ್ನು ಅಗಲದಂತೆ ಬೆರೆಸುವುದು ಹೇಗೆ?

ಅಯಾನುಗಳ ಧಾರೆ ಇದಕ್ಕೊಂದು ದಾರಿಯನ್ನು ತೋರಿತು. ಎಲೆಕ್ಟ್ರಾನನ್ನು ಕಳೆದುಕೊಂಡ ಪರಮಾಣುವು ಧನ ಅಯಾನು. ವಿದ್ಯುದಂಶವುಳ್ಳ ಅದನ್ನು ಲಕ್ಷಾಂತರ ವೋಲ್ಟುಗಳಿಂದ ಮಹಾವೇಗಕ್ಕೆ ಏರಿಸಬಹುದು. ನಿರ್ವಾತದಲ್ಲಿ ಎರಡು ಲೋಹಗಳ ಪದರಗಳನ್ನು ಒಂದರ ಮೇಲೊಂದರಂತೆ ಲೇಪಿಸುತ್ತಾರೆ. ಅವೆಲ್ಲ ಸೇರಿದರೂ ದಪ್ಪವು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟೇ. ಅದರ ಮೇಲೆ ಅಯಾನುಗಳನ್ನು ಹಾಯಿಸುತ್ತಾರೆ. ಕೇರಂ ಹಲಗೆಯ ಮೇಲೆ ಒಂದು ಹೊಡೆತಕ್ಕೆ ಕಾಯಿಗಳೆಲ್ಲ ಚದರುವಂತೆ, ಅಯಾನಿನ ಪೆಟ್ಟಿಗೆ ಒಂದು ಪರಮಾಣುವು ಮತ್ತೊಂದನ್ನು, ಅದು ಮಗದೊಂದನ್ನು ತಳ್ಳುತ್ತದೆ. ಪದರಗಳ ಗಡಿ ಅಳಿಯುತ್ತದೆ. ಸೆಕೆಂಡಿನ ಸುಮಾರು ಹತ್ತು ಸಾವಿರ ಕೋಟಿಯಲ್ಲೊಂದು ಪಾಲಿನೊಳಗೆ ಈ ಕಲಕಾಟ ಶಾಂತವಾಗುವುದರಿಂದ, ಪರಮಾಣುಗಳಿಗೆ ಅಗಲಲು ಅವಕಾಶವೇ ದೊರೆಯದು. ಕ್ಸೆನಾನ್ ಅಯಾನುಗಳಿಂದ ಬೆಳ್ಳಿ ತಾಮ್ರಗಳನ್ನು ಹೀಗೆ ಬೆರೆಸಿದ ವೃತ್ತಾಂತವನ್ನು ಜೇಮ್ಸ್ ಮೇಯರ್ ಮೊದಲಾದ ಅಮೆರಿಕದ ವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದರು.

ಭಾರತದಲ್ಲಿ ಇಂತಹ ಪ್ರಯೋಗಗಳು ದೆಹಲಿಯ ಅಂತರ ವಿಶ್ವವಿದ್ಯಾನಿಲಯ ವೇಗವರ್ಧಕ ಕೇಂದ್ರದಲ್ಲಿ ನಡೆದಿವೆ. ಅಯಾನುಗಳ ಇನ್ನೊಂದು ಉಪಯೋಗವನ್ನು ಬೆಂಗಳೂರಿನಲ್ಲಿಯೇ ಕಾಣಬಹುದು. 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಇಂದಿರಾನಗರದ ಸಮೀಪದ ಕೋಡಿಹಳ್ಳಿಯಲ್ಲಿದೆ. ಅಲ್ಲಿಯ ವಿಜ್ಞಾನಿಗಳು ಆರ್ಗಾನ್ ಅಯಾನುಗಳ ಪೆಟ್ಟಿನಿಂದ ಲೋಹದ ಪರಮಾಣುಗಳನ್ನು ಸಿಡಿಸಿ, ಸೂರ್ಯನ ಶಾಖವನ್ನು ಹೀರುವ ಲೇಪಗಳನ್ನು ರಚಿಸಿದ್ದಾರೆ.

ಈ ವಿದ್ಯೆಯ ಪ್ರಯೋಜನವೇನು? ಯಂತ್ರದ ಭಾಗಕ್ಕೆ ಹಚ್ಚಿದ ಲೇಪ ಕಳಚಿದರೆ ಒಳಗಿನ ಲೋಹ ಸವೆದು ಅಪಾಯ ಒದಗಬಹುದು. ಲೇಪವೂ ಲೋಹವೂ ಗಡಿಯಲ್ಲಿ ಬೆರೆತರೆ ಅದು ಸುಲಭವಾಗಿ ಕಳಚದು. ಆದರೆ ಈ ಬೆರಕೆ ಮೇಲ್ಮೈಯಿಂದ ಬಹಳ ಆಳಕ್ಕೆ ಇಳಿಯದು. ಸಾಕಷ್ಟು ಕಾಯಿಸಿದರೆ ಬೆಳ್ಳಿ ತಾಮ್ರಗಳು ಮರಳಿ ಅಗಲುತ್ತವೆ. ಆದುದರಿಂದ ಅಕ್ಕಸಾಲಿಗನ ಕುಲುಮೆ ಆರಬೇಕಾಗಿಲ್ಲ. ಬೆಂಕಿ ಕೈಸೋತ ಎಡೆಯಲ್ಲಿ ಮಾನವನ ಬುದ್ಧಿ ಬೇರೊಂದು ಬಾಗಿಲನ್ನು ತೆರೆಯಿತು.

ಅಭ್ಯಾಸ
1. ಬೆಳ್ಳಿ ತಾಮ್ರಗಳು ಆರುವಾಗ ಏನಾಗುತ್ತದೆ?
2. ಅಯಾನುಗಳಿಂದ ಬೆರೆತ ಲೋಹಗಳು ಒಡನೆ ಏಕೆ ಅಗಲುವುದಿಲ್ಲ?