ಫೈಲಿನ ಕಾಲಮುದ್ರೆ

ಪ್ರಶ್ನೆ: ತಂದೆಯವರು ತೆಗೆದ ಫೋಟೋಗಳನ್ನು ಪೈಥಾನ್ ಪ್ರೋಗ್ರಾಂ ಬರೆದು ಹೊಸ ಹಾರ್ಡ್‌ಡಿಸ್ಕಿಗೆ ನಕಲಿಸಿದೆ. ಈಗ ಎಲ್ಲ ಫೈಲುಗಳೂ ಇಂದಿನ ದಿನಾಂಕವನ್ನೇ ತೋರಿಸುತ್ತಿವೆ. ಪರಿಹಾರವುಂಟೇ?

ಉತ್ತರ: ಉಂಟು, ಕಳವಳಕ್ಕೆ ಕಾರಣವಿಲ್ಲ. ಫೈಲಿನ ದಿನಾಂಕವು ಅದರ ಒಡಲಿನಲ್ಲಿರದೆ, ಫೈಲ್ ವ್ಯವಸ್ಥೆಯು ಪ್ರತ್ಯೇಕವಾಗಿ ಕಾಪಿಟ್ಟುಕೊಳ್ಳುವ ದಾಖಲೆಯಲ್ಲಿರುವುದರಿಂದ, ವಿಷಯವನ್ನೂ ಅನುಮತಿಗಳನ್ನೂ ಮಾತ್ರ ನಕಲಿಸುವ ‘ಶಟಿಲ್.ಕಾಪಿ’ಯನ್ನು ಬಳಸಿದವರಿಗೆ ನಕಲು ಹುಟ್ಟಿದ ಕ್ಷಣವೇ ದಿನಾಂಕವಾಗಿ ದೊರೆಯುವುದು ಸಹಜವಾದುದು. ಅದರ ಜೊತೆಗಾರ ‘ಕಾಪಿ2’ ಮಾರ್ಪಾಟಿನ ಕಾಲವನ್ನೂ ಕೊಂಡೊಯ್ಯುವುದು.

ಮೂಲ ಡಿಸ್ಕು ನಿಮ್ಮಲ್ಲಿ ಇನ್ನೂ ಇದ್ದ ಪಕ್ಷದಲ್ಲಿ, 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳ ರೂಪದಲ್ಲಿರುವ ಮಾರ್ಪಾಟಿನ ಕಾಲವನ್ನು ‘ಓಎಸ್.ಸ್ಟ್ಯಾಟ್’ನಿಂದ ಓದಿ, ‘ಓಎಸ್.ಯುಟೈಮ್’ನಿಂದ ನಕಲಿನ ಮೇಲೆ ಬರೆಯಿರಿ. ಮೂಲವು ಕೈತಪ್ಪಿದ್ದರೆ, ಡಿಜಿಟಲ್ ಕ್ಯಾಮೆರಾ ಚಿತ್ರದೊಳಗೇ ನಮೂದಿಸುವ ಎಕ್ಸಿಫ್ ದಾಖಲೆಯಲ್ಲಿ ‘2009:11:01 16:20:05’ ಎಂಬಂಥ ಕಾಲವನ್ನು ಹುಡುಕಿರಿ. ನಕಲಿನಿಂದ ಅದಕ್ಕೆ ಬಾಧೆಯಿಲ್ಲ. ಆದರೆ ಅಲ್ಲಿ ಸಾಮಾನ್ಯವಾಗಿ ಕಾಲವಲಯದ ನಿರ್ದೇಶವಿರದ ಕಾರಣ, ಕ್ಯಾಮೆರಾದ ಗಡಿಯಾರ ಭಾರತೀಯ ಕಾಲದಲ್ಲಿತ್ತೆಂದು ನಿಶ್ಚಯವಾದರೆ ಮಾತ್ರ ಐದೂವರೆ ಗಂಟೆಗಳನ್ನು ಕಳೆದು ಸೆಕೆಂಡುಗಳಿಗೆ ಪರಿವರ್ತಿಸತಕ್ಕದ್ದು.

ಲಿನಕ್ಸಿನ ‘ಸಿಟೈಮ್’ಅನ್ನು ಸೃಷ್ಟಿಕಾಲವೆಂದು ಭ್ರಮಿಸಬೇಡಿರಿ; ಫೈಲಿನ ವಿಷಯವೋ ಅನುಮತಿ, ಹೆಸರು ಮುಂತಾದ ಲಕ್ಷಣವೋ ಕಡೆಯ ಬಾರಿ ಬದಲಾದ ಕಾಲವದು, ‘ಯುಟೈಮ್’ ಅದನ್ನು ಹಿಂದಕ್ಕೆ ಒಯ್ಯಲಾರದು. ಹಳೆಯ ಫ್ಯಾಟ್ ಮಾದರಿಯ ಪೆನ್‌ಡ್ರೈವ್‌ಗಳು ಮಾರ್ಪಾಟಿನ ಕಾಲವನ್ನು 2 ಸೆಕೆಂಡಿನ ಅಂತರದಲ್ಲಿ ದಾಖಲಿಸುವುದರಿಂದ, ಹೋಲಿಸುವಾಗ ಅಷ್ಟು ವ್ಯತ್ಯಾಸವನ್ನು ಮನ್ನಿಸಿರಿ.

ಮೊದಲು ನಾಲ್ಕಾರು ಚಿತ್ರಗಳ ಮೇಲೆ ಪರೀಕ್ಷಿಸಿ, ಫಲಿತಾಂಶವನ್ನು ಕಣ್ಣಾರೆ ಕಂಡ ಮೇಲೆಯೇ ಉಳಿದವನ್ನು ಮುಟ್ಟಿರಿ; ಅಲ್ಲಿಯವರೆಗೆ ಹಳೆಯ ಡಿಸ್ಕನ್ನು ಅಳಿಸಕೂಡದು.