ಕೊಟ್ಟಿಗೆಯೂ ತೊಟ್ಟಿಲೂ

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನಿದ್ದಾನೆ. ತುರುಗಾಹಿ ರಾಮಣ್ಣನೂ ಇದ್ದಾನೆ. ಒಬ್ಬನದು ರೋಗಿಯ ನೋವನ್ನು ಕಳೆಯುವ ಕಾಯಕ, ಇನ್ನೊಬ್ಬನದು ಊರ ದನಗಳನ್ನು ಕಾಯುವ ಕಾಯಕ. ಇಬ್ಬರೂ ತಮ್ಮ ತಮ್ಮ ಕಾಯಕದ ಮಾತಿನಲ್ಲಿಯೇ ವಚನಗಳನ್ನು ರಚಿಸಿದರು. ರಾಮಣ್ಣನ ಅಂಕಿತವೂ 'ಗೋಪತಿನಾಥ ವಿಶ್ವೇಶ್ವರಲಿಂಗ' ಎಂದೇ ಇದೆ. ಇವುಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬ ಎಣಿಕೆ ಶರಣರಿಗೆ ಇರಲಿಲ್ಲ.

ಹಳ್ಳಿಗಾಡಿನಲ್ಲಿ ಮಕ್ಕಳಿಗೆ ಚಿಕಿತ್ಸೆ ನೀಡುವವರಿಗೆ ಈ ಎರಡು ಕಾಯಕಗಳು ಬೇರೆ ಬೇರೆಯಾಗಿ ಉಳಿಯುವುದಿಲ್ಲ. ಬಿಳಿಗೆರೆ ಹೋಬಳಿಯಲ್ಲಾಗಲಿ, ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಸೀಮೆಯಲ್ಲಾಗಲಿ, ಹೈನನ್ನು ನಂಬಿ ಬದುಕುವ ಮನೆಗಳು ಅನೇಕ. ಸುತ್ತೂರಿನ ಜಾತ್ರೆಗೂ ಮುಡುಕುತೊರೆಯ ಜಾತ್ರೆಗೂ ದನಗಳ ಪರಿಷೆಯಿಲ್ಲದೆ ಕಳೆಯಿಲ್ಲ. ಇಂತಹ ಮನೆಗಳಲ್ಲಿ ಕೊಟ್ಟಿಗೆಗೂ ತೊಟ್ಟಿಲಿಗೂ ನಡುವೆ ಇರುವುದು ಒಂದೇ ಗೋಡೆ. ಗೋವಿನ ಮೇಲಿನ ಭಕ್ತಿ ದೊಡ್ಡದು. ಆದರೆ ಭಕ್ತಿಯೊಡನೆ ತಿಳಿವಳಿಕೆ ಕೂಡದಿದ್ದರೆ ಅದರ ಬೆಲೆಯನ್ನು ತೊಟ್ಟಿಲ ಕೂಸು ತೆರಬೇಕಾಗುತ್ತದೆ.

ಮೊದಲ ಹಾಲು

ಹಸು ಕರು ಹಾಕಿದೊಡನೆ ರೈತನು ಕರುವನ್ನು ಕೆಚ್ಚಲಿಗೆ ಬಿಡುತ್ತಾನೆ. ಇದು ಸರಿಯಾದ ಕ್ರಮ. ಕರುವಿಗೆ ತಾಯಿಯ ಗರ್ಭದಲ್ಲಿ ರೋಗನಿರೋಧಕ ಅಂಶಗಳು ದೊರೆಯುವುದಿಲ್ಲ; ಗಿಣ್ಣುಹಾಲಿನ ಮೂಲಕವೇ ಅವು ದೊರೆಯಬೇಕು. ಮೊದಲ ಕೆಲವು ಗಂಟೆಗಳು ಕಳೆದರೆ ಅವುಗಳನ್ನು ಹೀರಿಕೊಳ್ಳುವ ಶಕ್ತಿಯೂ ಕರುಳಿನಲ್ಲಿ ಕುಗ್ಗುತ್ತದೆ.

ಕರುವಿಗೆ ತೋರುವ ಈ ಎಚ್ಚರವನ್ನು ಕೂಸಿಗೆ ತೋರದ ಮನೆಗಳು ಇಂದಿಗೂ ಇವೆ. ಹೆತ್ತ ತಾಯಿಯ ಹಳದಿ ಬಣ್ಣದ ಮೊದಲ ಹಾಲನ್ನು 'ಕೆಟ್ಟ ಹಾಲು' ಎಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಸಕ್ಕರೆ ನೀರನ್ನೋ ಜೇನನ್ನೋ ಇಡುವುದುಂಟು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲನ್ನೇ ಕೊಡಬೇಕು. ಒಂದು ವರ್ಷ ತುಂಬುವವರೆಗೆ ಜೇನನ್ನು ಕೊಡಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಜೀವಾಣುವಿನ ಬೀಜಕಗಳು ಎಳೆಗೂಸಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸಬಲ್ಲವು.

ಎಳೆಗೂಸಿಗೆ ಹಸುವಿನ ಹಾಲು

ಚರಕರು ಹಸುವಿನ ಹಾಲಿಗೆ ಹತ್ತು ಗುಣಗಳನ್ನು ಹೇಳಿ, ಓಜಸ್ಸಿನ ಗುಣಗಳೂ ಅವೇ ಎಂದಿದ್ದಾರೆ. ಈ ಪ್ರಶಂಸೆಯನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆದರೆ ಆ ಹತ್ತರಲ್ಲಿ 'ಗುರು' ಎಂಬುದೂ ಒಂದು, ಎಂದರೆ ಜೀರ್ಣಕ್ಕೆ ಭಾರ. ಎಳೆಗೂಸಿಗೆ ಅಗ್ನಿಬಲ ಅಲ್ಪ. ವಾಗ್ಭಟರು ತಾಯಿಯ ಹಾಲು ಇಲ್ಲದಾಗ ಮಾತ್ರ ಮೇಕೆಯ ಅಥವಾ ಹಸುವಿನ ಹಾಲನ್ನು ಸೂಚಿಸಿದ್ದಾರೆ. ಅವರ ದೃಷ್ಟಿಯಲ್ಲಿಯೂ ಅದು ಬದಲಿ ವ್ಯವಸ್ಥೆಯೇ ಹೊರತು ಮೊದಲ ಆಯ್ಕೆಯಲ್ಲ.

ಇಂದಿನ ವಿಜ್ಞಾನ ಇದರ ಕಾರಣವನ್ನು ಬಿಡಿಸಿ ಹೇಳುತ್ತದೆ. 100 ಮಿಲಿಲೀಟರ್ ತಾಯಿಯ ಹಾಲಿನಲ್ಲಿ ಪ್ರೋಟೀನು ಸುಮಾರು 1 ಗ್ರಾಂ. ಅಷ್ಟೇ ಹಸುವಿನ ಹಾಲಿನಲ್ಲಿ 3 ಗ್ರಾಂಗೂ ಮಿಗಿಲು. ವೇಗವಾಗಿ ಬೆಳೆಯುವ ಕರುವಿಗೆ ಅದು ತಕ್ಕುದು. ಕೂಸಿನ ಮೂತ್ರಪಿಂಡಗಳಿಗೆ ಹೊರೆ. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಕೆಲವು ಶಿಶುಗಳ ಕರುಳಿನಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಸೋರುವುದಕ್ಕೂ ಅದು ಕಾರಣವಾಗುತ್ತದೆ. 'ಮೈಕೈ ತುಂಬಿಕೊಂಡಿದೆ, ದಿನಕ್ಕೆ ಲೀಟರು ಹಾಲು ಕುಡಿಯುತ್ತದೆ, ಅನ್ನ ಮಾತ್ರ ಮುಟ್ಟುವುದಿಲ್ಲ' ಎಂದು ತಾಯಂದಿರು ಕರೆತರುವ ಮಕ್ಕಳ ಕಣ್ಣಿನ ಕೆಳರೆಪ್ಪೆಯನ್ನು ಸರಿಸಿ ನೋಡಿದರೆ ಅದು ಬಿಳಿಚಿಕೊಂಡಿರುವುದನ್ನು ಅನೇಕ ಬಾರಿ ಕಾಣುತ್ತೇವೆ. ಅದು ಪುಷ್ಟಿಯಲ್ಲ, ಪಾಂಡುರೋಗ.

ಆದುದರಿಂದ ಆರು ತಿಂಗಳವರೆಗೆ ತಾಯಿಯ ಹಾಲು ಮಾತ್ರ. ಅನಂತರ ರಾಗಿ ಸರಿ, ಮೆದುವಾದ ಅನ್ನ, ಬೇಳೆ, ಸೊಪ್ಪು, ಹಣ್ಣುಗಳೊಡನೆ ತಾಯಿಯ ಹಾಲೂ ಎರಡು ವರ್ಷದವರೆಗೆ ಮುಂದುವರಿಯಲಿ. ಹಸುವಿನ ಹಾಲು ಒಂದು ವರ್ಷ ತುಂಬಿದ ಮೇಲೆ, ದಿನಕ್ಕೆ ಅರ್ಧ ಲೀಟರಿಗೆ ಮೀರದಂತೆ.

ನೊರೆಹಾಲಿನ ಪ್ರಶ್ನೆ

'ಕರೆದ ಬಿಸಿಯಲ್ಲಿಯೇ ನೊರೆಹಾಲು ಕುಡಿದರೆ ಮಗು ಗಟ್ಟಿಯಾಗುತ್ತದೆ' ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆಯುರ್ವೇದ ಗ್ರಂಥಗಳು 'ಧಾರೋಷ್ಣ' ಹಾಲನ್ನು ಹೊಗಳಿರುವುದು ನಿಜ. ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಅದೇ ಸುಶ್ರುತರು ಕಾಯಿಸದ ಹಾಲು ಸಾಮಾನ್ಯವಾಗಿ ಭಾರವಾದುದು, ಕಾಯಿಸಿದುದು ಹಗುರವಾದುದು ಎಂದಿದ್ದಾರೆ. ಕಾಯಿಸದೆಯೇ ಕೊಡಬೇಕಾದುದು ತಾಯಿಯ ಹಾಲು ಮಾತ್ರ ಎಂದೂ ಹೇಳಿದ್ದಾರೆ. ಹಾಲಿನ ಮೂಲಕ ಹರಡುವ ಜೀವಾಣುಗಳನ್ನು ಕಾಣುವ ಸಾಧನ ಆ ಆಚಾರ್ಯರ ಕಾಲದಲ್ಲಿ ಇರಲಿಲ್ಲ. ಇಂದು ಇದೆ. ಕಂಡ ಮೇಲೆಯೂ ಕಾಣದಂತೆ ನಡೆಯುವುದು ಆಚಾರ್ಯರಿಗೆ ತೋರುವ ಗೌರವವಲ್ಲ.

ಹಸಿ ಹಾಲಿನ ಮೂಲಕ ಹರಡುವ ರೋಗಗಳಲ್ಲಿ ಕಂದುರೋಗವನ್ನು, ಅಂದರೆ ಬ್ರುಸೆಲ್ಲೋಸಿಸ್ ಅನ್ನು, ಮುಖ್ಯವಾಗಿ ಹೇಳಬೇಕು. ಹಸುಗಳಲ್ಲಿ ಇದನ್ನು ಉಂಟುಮಾಡುವ ಜೀವಾಣುವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿ ಗುರುತಿಸಿದರು. ರೋಗ ತಗುಲಿದ ಹಸು ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತದೆ. ಆಮೇಲೆ ನೋಡಲು ಆರೋಗ್ಯವಾಗಿಯೇ ಕಾಣುತ್ತದೆ. ಹಾಲಿನಲ್ಲಿ ಮಾತ್ರ ಜೀವಾಣು ಇಳಿಯುತ್ತಿರುತ್ತದೆ. ಆ ಹಾಲನ್ನು ಕಾಯಿಸದೆ ಕುಡಿದ ಮಗುವಿಗೆ ಬಂದು ಹೋಗುವ ಜ್ವರ, ಬೆವರು, ಕೀಲುನೋವು, ಸುಸ್ತು ವಾರಗಟ್ಟಲೆ ಕಾಡುತ್ತವೆ. ಮಾಮೂಲಿ ಜ್ವರವೆಂದು ತಿಳಿದು ಕಾಲ ಕಳೆಯುವುದೇ ಇಲ್ಲಿನ ಅಪಾಯ. ರಕ್ತಪರೀಕ್ಷೆಯಿಂದ ರೋಗ ತಿಳಿಯುತ್ತದೆ. ಕನಿಷ್ಠ 6 ವಾರಗಳ ಔಷಧೋಪಚಾರ ಬೇಕಾಗುತ್ತದೆ. ಇದಕ್ಕೆ ಕಷಾಯ ಸಾಲದು ಎಂಬುದನ್ನು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ. ಹಾಲನ್ನು ಉಕ್ಕು ಬರುವವರೆಗೆ ಕಾಯಿಸಿದರೆ ಈ ಜೀವಾಣುವೂ ಹಸುವಿನ ಕ್ಷಯದ ಜೀವಾಣುವೂ ಸಾಯುತ್ತವೆ.

ಗೋವಿನಿಂದ ಬಂದ ಲಸಿಕೆ

ಕೊಟ್ಟಿಗೆಯಿಂದ ರೋಗ ಬರುವುದನ್ನಷ್ಟೇ ಹೇಳಿದರೆ ಗೋವಿಗೆ ಅನ್ಯಾಯ ಮಾಡಿದಂತಾಗುತ್ತದೆ. ಇಂಗ್ಲೆಂಡಿನ ಬರ್ಕ್ಲಿ ಎಂಬ ಸಣ್ಣ ಊರಿನಲ್ಲಿ ಎಡ್ವರ್ಡ್ ಜೆನ್ನರ್ ಎಂಬ ವೈದ್ಯರಿದ್ದರು. ಅವರ ತಂದೆ ಅಲ್ಲಿನ ಪಾದ್ರಿ. ಹಸುವಿನ ಸಿಡುಬು ತಗುಲಿದ ಹಾಲು ಕರೆಯುವ ಹೆಂಗಸರಿಗೆ ಮನುಷ್ಯರ ಸಿಡುಬು ಬರುವುದಿಲ್ಲವೆಂಬ ರೈತಾಪಿ ಜನರ ಮಾತನ್ನು ಅವರು ತಳ್ಳಿಹಾಕಲಿಲ್ಲ. 1796ರ ಮೇ 14ರಂದು ಎಂಟು ವರ್ಷದ ಬಾಲಕನೊಬ್ಬನ ಮೇಲೆ ಅದನ್ನು ಪರೀಕ್ಷಿಸಿದರು. ಲಸಿಕೆಗೆ ಇರುವ 'ವ್ಯಾಕ್ಸಿನ್' ಎಂಬ ಹೆಸರು ಹಸುವಿನ ಲ್ಯಾಟಿನ್ ಹೆಸರಾದ 'ವ್ಯಾಕಾ'ದಿಂದ ಬಂದುದು. 1802ರಲ್ಲಿ ಲಸಿಕೆ ಭಾರತಕ್ಕೆ ಬಂದಿತು. 1805ರ ಸುಮಾರಿಗೆ ಥಾಮಸ್ ಹಿಕಿ ರಚಿಸಿದ ಮೈಸೂರು ಅರಸುಮನೆತನದ ಸ್ತ್ರೀಯರ ಚಿತ್ರವೊಂದನ್ನು, ಲಸಿಕೆಯ ಬಗ್ಗೆ ಪ್ರಜೆಗಳ ಅಂಜಿಕೆಯನ್ನು ಕಳೆಯಲು ಬರೆಸಿದುದೆಂದು ಇತಿಹಾಸಜ್ಞರು ವಿವರಿಸಿದ್ದಾರೆ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಿತು. ಮಗುವಿಗೆ ಲಸಿಕೆ ಹಾಕಿಸಲು ಹಿಂಜರಿಯುವ ಭಕ್ತರು ಇದನ್ನು ನೆನೆಯಬೇಕು.

ಪಾಲಿಸಬೇಕಾದ ಕ್ರಮ

1. ಹಾಲನ್ನು ಉಕ್ಕು ಬರುವವರೆಗೆ ಕಾಯಿಸಿಯೇ ಮಕ್ಕಳಿಗೆ ಕೊಡಿರಿ. ಮೊಸರು, ಬೆಣ್ಣೆಯೂ ಕಾಯಿಸಿದ ಹಾಲಿನದೇ ಆಗಿರಲಿ.

2. ಕೂಸಿನ ಹೊಕ್ಕುಳಿಗೆ ಸಗಣಿ, ಬೂದಿ ಯಾವುದನ್ನೂ ಹಚ್ಚಬೇಡಿರಿ. ಸಗಣಿಯಲ್ಲಿ ಧನುರ್ವಾಯುವಿನ ಬೀಜಕಗಳಿರುತ್ತವೆ. ಗರ್ಭಿಣಿಯರು ಧನುರ್ವಾಯು ಲಸಿಕೆಯನ್ನು ತಪ್ಪದೆ ಪಡೆಯಬೇಕು.

3. ಹಸು ಕಂದು ಹಾಕಿದರೆ ಕಂದನ್ನೂ ಸತ್ತೆಯನ್ನೂ ಬರಿಗೈಯಿಂದ ಮುಟ್ಟದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಗರ್ಭಿಣಿಯರನ್ನೂ ಮಕ್ಕಳನ್ನೂ ದೂರವಿಡಿರಿ. ಪಶುವೈದ್ಯರಿಗೆ ತಿಳಿಸಿರಿ.

4. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಕಂದುರೋಗದ ಲಸಿಕೆ ಹಾಕಿಸಿರಿ. ಜೀವಮಾನದಲ್ಲಿ ಒಂದೇ ಬಾರಿ ಸಾಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯೊಡನೆ ಇದೂ ಸೇರಿದೆ.

5. ಹಾಲು ಕರೆದು, ಸಗಣಿ ಬಾಚಿ ಬಂದವರು ಸಾಬೂನಿನಿಂದ ಕೈ ತೊಳೆದ ಮೇಲೆಯೇ ಕೂಸನ್ನು ಎತ್ತಿಕೊಳ್ಳಿರಿ.

6. ಮಗುವಿಗೆ ಜ್ವರ ವಾರ ಕಳೆದರೂ ಬಿಡದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮನೆಯಲ್ಲಿ ದನಗಳಿವೆಯೆಂಬುದನ್ನೂ, ಯಾವುದಾದರೂ ಹಸು ಕಂದು ಹಾಕಿದೆಯೇ ಎಂಬುದನ್ನೂ ನೀವಾಗಿಯೇ ಹೇಳಿರಿ. ಅವರು ಕೇಳಲಿ ಎಂದು ಕಾಯಬೇಡಿರಿ.

ಕಾಯಕವೆಂದರೆ ಕೆಲಸ ಮಾಡುವುದಷ್ಟೇ ಅಲ್ಲ, ಅದನ್ನು ಅರಿತು ಮಾಡುವುದು. ಹಸುವಿನ ಮೈ ತೊಳೆದು, ಮೇವು ಹಾಕಿ, ಹಬ್ಬದಂದು ಪೂಜಿಸುವ ಕೈಗಳೇ ಹಾಲನ್ನು ಕಾಯಿಸಲಿ, ಕರುವಿಗೂ ಕೂಸಿಗೂ ಸಕಾಲಕ್ಕೆ ಲಸಿಕೆ ಹಾಕಿಸಲಿ. ಗೋಸೇವೆಯೂ ಶಿಶುಪಾಲನೆಯೂ ಒಂದೇ ಮನೆಯಲ್ಲಿ ಒಟ್ಟಿಗೆ ನಡೆಯಬೇಕಾದ ಕಾರ್ಯಗಳೆಂದು ಭಕ್ತರು ಭಾವಿಸಿ, ಈ ನಿಯಮಗಳನ್ನು ಆಚರಣೆಗೆ ತರಬೇಕೆಂದು ಪ್ರಾರ್ಥಿಸುತ್ತೇನೆ.